ಅಟ್ಟಿಲನ ಮಾತೃಭಾಷೆ ಯಾವುದು? ಹೂಣರ ನುಡಿಯ ಬಗ್ಗೆ ಮುಗಿಯದ ಜಗಳ

ಇವತ್ತಿನ ಕಂತು ಒಂದು ಭಾಷೆಯ ಬಗ್ಗೆ. ಆ ಭಾಷೆಯಲ್ಲಿ ಒಂದು ಪುಸ್ತಕ ಇಲ್ಲ, ಒಂದು ಶಾಸನ ಇಲ್ಲ, ಪೂರ್ತಿ ಅನ್ನಬಹುದಾದ ಒಂದೇ ಒಂದು ವಾಕ್ಯವೂ ಉಳಿದಿಲ್ಲ. ಆದ್ರೂ ಅದು ನಮ್ಮದು, ನಿಮ್ಮದಲ್ಲ ಅಂತ ದೇಶಗಳು ಹೇಳ್ಕೊಳ್ತಾವೆ. ವಿದ್ವಾಂಸರು ತಲೆಮಾರುಗಳಿಂದ ವಾದ ಮಾಡ್ತಾನೇ ಇದ್ದಾರೆ. ಅದು ಹೂಣರ ಭಾಷೆ. ಅಟ್ಟಿಲ ಮಾತಾಡ್ತಿದ್ದ ಭಾಷೆ.

ಮೊದಲು ಹಿನ್ನೆಲೆ. ಕ್ರಿ.ಶ. 370ರ ದಶಕದಲ್ಲಿ ಹೂಣರು ಪೂರ್ವದ ಹುಲ್ಲುಗಾವಲುಗಳಿಂದ ಯುರೋಪಿನ ಅಂಚಿಗೆ ಬರ್ತಾರೆ. ಕುದುರೆ ಸವಾರರು, ಬಿಲ್ಲುಗಾರರು. ಅವರ ಹೊಡೆತ ತಾಳಲಾರದೆ ಗೋಥ್ ಜನ 376ರಲ್ಲಿ ಡ್ಯಾನ್ಯೂಬ್ ನದಿ ದಾಟಿ ರೋಮನ್ ಸಾಮ್ರಾಜ್ಯದೊಳಗೆ ನುಗ್ತಾರೆ. 434ರಲ್ಲಿ ಅಟ್ಟಿಲ ಮತ್ತು ಅವನ ಅಣ್ಣ ಬ್ಲೇಡಾ ಅಧಿಕಾರಕ್ಕೆ ಬರ್ತಾರೆ. ಆಮೇಲೆ ಅಟ್ಟಿಲ ಒಬ್ಬನೇ ಉಳೀತಾನೆ. 451ರಲ್ಲಿ ಇವತ್ತಿನ ಫ್ರಾನ್ಸ್‌ನಲ್ಲಿ ಯುದ್ಧ, 452ರಲ್ಲಿ ಇಟಲಿ ಮೇಲೆ ದಾಳಿ, 453ರಲ್ಲಿ ಸಾವು. ಮರುವರ್ಷವೇ ಸಾಮ್ರಾಜ್ಯ ಕುಸಿಯುತ್ತೆ. ಯುರೋಪನ್ನು ನಡುಗಿಸಿದ ಕಥೆ ಒಂದು ಶತಮಾನವೂ ಪೂರ್ತಿಯಾಗದೆ ಮುಗೀತು.

ಇಷ್ಟು ದೊಡ್ಡ ಶಕ್ತಿ ತನ್ನ ಭಾಷೆಯಲ್ಲಿ ಏನೂ ಬರೆದಿಡಲಿಲ್ವಾ? ಬರೆದಿದ್ದು ಯಾವುದೂ ನಮಗೆ ಸಿಕ್ಕಿಲ್ಲ. ನಮಗಿರೋದೆಲ್ಲ ಹೊರಗಿನವರು ಬರೆದಿಟ್ಟದ್ದು. ಅವರಲ್ಲಿ ಮುಖ್ಯ ವ್ಯಕ್ತಿ ಪ್ರಿಸ್ಕಸ್. ಗ್ರೀಕ್‌ನಲ್ಲಿ ಬರೆಯುತ್ತಿದ್ದ ಇತಿಹಾಸಕಾರ. 449ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಅಟ್ಟಿಲನ ಬಳಿಗೆ ಹೊರಟ ರಾಯಭಾರಿಗಳ ತಂಡದಲ್ಲಿ ಇವನೂ ಇದ್ದ. ಆ ತಂಡದ ದುಭಾಷಿ ಬಿಗಿಲಾಸ್ ಅಟ್ಟಿಲನನ್ನು ಕೊಲ್ಲಿಸುವ ಸಂಚಿನಲ್ಲಿ ಭಾಗಿಯಾಗಿದ್ದ. ವಿಷಯ ಅಟ್ಟಿಲನಿಗೆ ಮೊದಲೇ ಗೊತ್ತಾಗಿತ್ತು, ಪಾಪ ಪ್ರಿಸ್ಕಸ್‌ಗೆ ಗೊತ್ತಿರಲಿಲ್ಲ. ಅದು ಬೇರೆ ಕಂತಿನ ಕಥೆ.

ನಮಗೆ ಬೇಕಾದದ್ದು ಪ್ರಿಸ್ಕಸ್ ಕಿವಿಗೆ ಬಿದ್ದ ಮಾತುಗಳು. ಅಟ್ಟಿಲನ ಆಸ್ಥಾನದ ಜನ ಹಲವು ಕಡೆಯಿಂದ ಬಂದು ಸೇರಿದವರು ಅಂತ ಅವನು ಬರೀತಾನೆ. ತಂತಮ್ಮ ಮನೆಮಾತಿನ ಜೊತೆಗೆ ಅವರು ಹೂಣ ಭಾಷೆಯನ್ನೋ ಗೋಥಿಕ್ ಭಾಷೆಯನ್ನೋ ಮಾತಾಡ್ತಾರೆ. ರೋಮನ್ನರ ಜೊತೆ ವ್ಯವಹಾರ ಇದ್ದವರಿಗೆ ಲ್ಯಾಟಿನ್ ಕೂಡ ಬರುತ್ತೆ. ಪತ್ರ ಬರೆಯೋಕೆ ಅಟ್ಟಿಲ ಇಟ್ಟುಕೊಂಡಿದ್ದವರು ಲ್ಯಾಟಿನ್ ಬಲ್ಲ ಕಾರ್ಯದರ್ಶಿಗಳು. ಒಂದು ಔತಣದಲ್ಲಿ ಜೆರ್ಕಾನ್ ಅನ್ನೋ ವಿದೂಷಕ ಬಂದು ಲ್ಯಾಟಿನ್, ಹೂಣ, ಗೋಥಿಕ್ ಮೂರನ್ನೂ ಕಲಸಿ ಮಾತಾಡಿದಾಗ ಇಡೀ ಸಭೆ ಬಿದ್ದು ಬಿದ್ದು ನಗುತ್ತೆ. ಅಟ್ಟಿಲ ಒಬ್ಬ ನಗಲ್ಲ.

ಈ ತಮಾಷೆಯನ್ನ ಸ್ವಲ್ಪ ಯೋಚನೆ ಮಾಡಿ ನೋಡಿ. ಕನ್ನಡ, ಹಿಂದಿ, ಇಂಗ್ಲಿಷ್ ಕಲಸಿ ಯಾರಾದ್ರೂ ಸ್ಟ್ಯಾಂಡ್‌ಅಪ್ ಮಾಡಿದ್ರೆ ನಾವು ಯಾಕೆ ನಗ್ತೀವಿ? ಮೂರೂ ಅಷ್ಟಿಷ್ಟು ಗೊತ್ತಿರೋದರಿಂದ. ಅಂದ್ರೆ ಆ ಸಭೆಯಲ್ಲಿದ್ದವರಿಗೆ ಮೂರು ಭಾಷೆಗಳ ಪರಿಚಯ ಇತ್ತು. ಈ ಒಂದು ಘಟನೆಯಿಂದ ನಮಗೆ ಎರಡು ವಿಷಯ ಸಿಗುತ್ತೆ. ಒಂದು, ಹೂಣ ಭಾಷೆ ಅಂತ ಬೇರೆಯೇ ಒಂದು ಭಾಷೆ ಇತ್ತು, ಅದು ಗೋಥಿಕ್ ಅಲ್ಲ. ಎರಡು, ಹೂಣರ ಸಾಮ್ರಾಜ್ಯ ಯಾವತ್ತೂ ಒಂದೇ ಭಾಷೆಯ ನಾಡಾಗಿರಲಿಲ್ಲ.

ಸರಿ, ಹಾಗಾದ್ರೆ ಆ ಭಾಷೆಯ ಪದಗಳು? ಹೂಣರ ಪದಗಳು ಅಂತ ಸಾಮಾನ್ಯವಾಗಿ ತೋರಿಸೋದು ಮೂರೇ ಮೂರು.

ಮೊದಲನೆಯದು 'ಮೆಡೋಸ್'. ದಾರಿಯ ಹಳ್ಳಿಗಳಲ್ಲಿ ದ್ರಾಕ್ಷಾರಸದ ಬದಲು ತಮಗೆ ಕೊಟ್ಟ ಪಾನೀಯಕ್ಕೆ ಅಲ್ಲಿಯವರು ಹೀಗೆ ಹೇಳ್ತಿದ್ರು ಅಂತ ಪ್ರಿಸ್ಕಸ್ ಬರೀತಾನೆ. ಈ ಪದ ಕೇಳಿದ್ರೆ ನಮಗೇ ಎಲ್ಲೋ ಕೇಳಿದ ಹಾಗೆ ಅನ್ಸುತ್ತೆ. ನಾವು ಬಳಸೋ 'ಮಧು', ಇಂಗ್ಲಿಷಿನ 'ಮೀಡ್', ಎಲ್ಲ ಒಂದೇ ಬೇರಿನ ಪದಗಳು. ಅಂದ್ರೆ ಇದು ಇಂಡೋ-ಯುರೋಪಿಯನ್ ಪದ. ಹಳ್ಳಿಯವರು ಹೂಣರೇ ಆಗಿರಬೇಕು ಅಂತಲೂ ಇಲ್ಲ.

ಎರಡನೆಯದು 'ಕಾಮೋನ್', ಬಾರ್ಲಿಯಿಂದ ಮಾಡಿದ ಪಾನೀಯ. ಇದನ್ನ ತುರ್ಕಿಕ್ ಜನರ 'ಕುಮಿಸ್' ಜೊತೆ ಜೋಡಿಸೋ ಆಸೆ ಹಲವರಿಗೆ. ಆದ್ರೆ ಕುಮಿಸ್ ಮಾಡೋದು ಕುದುರೆ ಹಾಲಿನಿಂದ. ಜೊತೆಗೆ ಇನ್ನೊಂದು ಸಾಕ್ಷಿ ಇದೆ. ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ 301ರಲ್ಲಿ ವಸ್ತುಗಳ ಬೆಲೆ ನಿಗದಿ ಮಾಡಿ ಒಂದು ಆದೇಶ ಹೊರಡಿಸಿದ್ದ. ಆ ಪಟ್ಟಿಯಲ್ಲೇ 'ಕಾಮುಮ್' ಅನ್ನೋ ಬಿಯರ್ ಇದೆ! ಹೂಣರು ಯುರೋಪಿಗೆ ಬರೋದಕ್ಕೆ ಸುಮಾರು 70 ವರ್ಷ ಮೊದಲೇ ಆ ಪದ ರೋಮನ್ ಮಾರುಕಟ್ಟೆಯಲ್ಲಿತ್ತು.

ಮೂರನೆಯದು 'ಸ್ತ್ರಾವಾ'. ಅಟ್ಟಿಲನ ಸಮಾಧಿಯ ಮೇಲೆ ನಡೆದ ದೊಡ್ಡ ಊಟಕ್ಕೆ ಹೂಣರು ಹೀಗೆ ಅಂತಿದ್ರು ಅಂತ ಜೋರ್ಡಾನೆಸ್ ಬರೀತಾನೆ. ಆದ್ರೆ ಅವನು ಬರೆದದ್ದು 551ರ ಸುಮಾರಿಗೆ, ಅಟ್ಟಿಲ ಸತ್ತು ನೂರು ವರ್ಷ ಕಳೆದ ಮೇಲೆ. ಚೆಕ್ ಭಾಷೆಯಲ್ಲಿ ಇವತ್ತಿಗೂ 'ಸ್ತ್ರಾವಾ' ಅಂದ್ರೆ ಊಟ, ಆಹಾರ. ಹಾಗಾಗಿ ಇದು ಸ್ಲಾವಿಕ್ ಪದ ಅಂತ ಹಲವರ ಅಭಿಪ್ರಾಯ, ಗೋಥಿಕ್ ಅನ್ನೋರೂ ಇದ್ದಾರೆ.

ಲೆಕ್ಕ ಹಾಕಿ. ಮೂರು ಪದ ಇದ್ವು, ಮೂರೂ ಕೈ ಬಿಟ್ವು. ಉಳಿದಿದ್ದು ಹೆಸರುಗಳು ಮಾತ್ರ. ತುರ್ಕಿಕ್ ವಾದ ನಿಂತಿರೋದು ಈ ಹೆಸರುಗಳ ಮೇಲೆ.

ಇಲ್ಲಿ ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ತುರ್ಕಿಕ್ ಅಂದ್ರೆ ಟರ್ಕಿ ದೇಶದ ಭಾಷೆ ಅಷ್ಟೇ ಅಲ್ಲ. ದ್ರಾವಿಡ ಅನ್ನೋದು ಕುಟುಂಬ, ಕನ್ನಡ ಅದರಲ್ಲಿ ಒಬ್ಬ ಸದಸ್ಯ ಇದ್ದ ಹಾಗೆ, ತುರ್ಕಿಕ್ ಅನ್ನೋದು ಕುಟುಂಬ. ಟರ್ಕಿಶ್, ಉಜ್ಬೆಕ್, ಕಝಕ್, ಉಯ್ಗುರ್ ಎಲ್ಲ ಅದರ ಸದಸ್ಯರು.

ಈಗ ಹೆಸರು ನೋಡಿ. ಅಟ್ಟಿಲನ ಮಗನ ಹೆಸರು ಡೆಂಗಿಜಿಕ್. ತುರ್ಕಿಕ್‌ನಲ್ಲಿ 'ಡೆಂಗಿಜ್' ಅಂದ್ರೆ ಸಮುದ್ರ, ಇವತ್ತಿನ ಟರ್ಕಿಶ್‌ನಲ್ಲಿ 'ಡೆನಿಜ್'. ಇನ್ನೊಬ್ಬ ಮಗ ಎರ್ನಾಕ್. 'ಎರ್' ಅಂದ್ರೆ ಗಂಡಸು, ವೀರ. ಅಟ್ಟಿಲನ ಅಪ್ಪ ಮುಂಡ್ಜುಕ್. 'ಬೊಂಜುಕ್' ಅಂದ್ರೆ ಟರ್ಕಿಶ್‌ನಲ್ಲಿ ಮಣಿ. ಎಸ್ಕಾಮ್, ಅಟಾಕಾಮ್ ಅನ್ನೋ ಹೆಸರುಗಳಿವೆ. 'ಕಾಮ್' ಅಂದ್ರೆ ತುರ್ಕಿಕ್ ಜನರಲ್ಲಿ ದೇವರು ಮೈಮೇಲೆ ಬರೋ ಪೂಜಾರಿಯಂಥವನು. ಇಷ್ಟು ಹೋಲಿಕೆ ಕಾಕತಾಳೀಯ ಅನ್ನೋದು ಕಷ್ಟ. ಹಾರ್ವರ್ಡ್‌ನಲ್ಲಿದ್ದ ಒಮೆಲ್ಯಾನ್ ಪ್ರಿತ್ಸಾಕ್ 1982ರಲ್ಲಿ ಹೂಣರ 33 ಹೆಸರುಗಳನ್ನು ವಿಶ್ಲೇಷಣೆ ಮಾಡಿ, ಅಟ್ಟಿಲನ ಕುಲದವರ ಭಾಷೆ ತುರ್ಕಿಕ್ ಮತ್ತು ಮಂಗೋಲ್ ಭಾಷೆಗಳ ನಡುವೆ ನಿಲ್ಲುವಂಥದ್ದು, ಬಲ್ಗಾರ್ ಭಾಷೆಗೆ ಹತ್ತಿರದ್ದು ಅಂದ್ರು.

ತುರ್ಕಿಕ್ ವಾದದ ಬಲ ಇದು. ಈಗ ತೊಂದರೆ ಎಲ್ಲಿದೆ ಅಂತ ನೋಡೋಣ.

ಖುದ್ದು ಅಟ್ಟಿಲನ ಹೆಸರನ್ನೇ ತಗೊಳ್ಳಿ. ಗೋಥಿಕ್‌ನಲ್ಲಿ 'ಅಟ್ಟಾ' ಅಂದ್ರೆ ಅಪ್ಪ. 'ಇಲಾ' ಅನ್ನೋದು ಪ್ರೀತಿಯಿಂದ ಸೇರಿಸೋ ಬಾಲ. ಸೇರಿದ್ರೆ 'ಅಪ್ಪಯ್ಯ'! ಗೋಥಿಕ್‌ನಲ್ಲಿ ಇಷ್ಟು ಸಲೀಸಾಗಿ ಅರ್ಥ ಹುಟ್ಟುತ್ತೆ. ಪ್ರಿತ್ಸಾಕ್ ಅದೇ ಹೆಸರನ್ನ 'ಸಾಗರದಂಥ ಒಡೆಯ' ಅನ್ನೋ ಅರ್ಥಕ್ಕೆ ತರೋಕೆ ಪದವನ್ನ ಒಡೆದು, ಬದಲಾವಣೆಗಳನ್ನ ಊಹಿಸಬೇಕಾಯ್ತು. ಅಣ್ಣ ಬ್ಲೇಡಾನ ಹೆಸರೂ ಜರ್ಮಾನಿಕ್ ಅಂತಲೇ ಹಲವರು ಓದ್ತಾರೆ. ಹಾಗಾದ್ರೆ ಅಪ್ಪ ತುರ್ಕಿಕ್, ಮಕ್ಕಳಿಬ್ಬರು ಗೋಥಿಕ್, ಮೊಮ್ಮಕ್ಕಳು ಮತ್ತೆ ತುರ್ಕಿಕ್ಕಾ? ಒಂದೇ ಮನೆಯಲ್ಲಿ?

ಇನ್ನೊಂದು ಸೂಕ್ಷ್ಮ ಇದೆ, ಇದು ನನಗೆ ತುಂಬ ಇಷ್ಟವಾದ ಭಾಗ. ತಮಿಳಿನ 'ಪಾಲ್' ಕನ್ನಡದಲ್ಲಿ 'ಹಾಲು' ಆಗಿದೆ ಅಲ್ವಾ? ಹಳಗನ್ನಡದಲ್ಲಿ ಅದು 'ಪಾಲ್' ಅಂತಲೇ ಇತ್ತು. ಪದದ ಮೊದಲಿನ ಪ ಹೋಗಿ ಹ ಬಂತು. ಹೀಗೆ ಧ್ವನಿಗಳು ಒಂದು ನಿಯಮದ ಪ್ರಕಾರ ಬದಲಾಗ್ತವೆ. ತುರ್ಕಿಕ್ ಕುಟುಂಬದಲ್ಲೂ ಹಾಗೇ. ಅದಕ್ಕೆ ಎರಡು ಕವಲು. ಒಂದು ಕವಲಿನಲ್ಲಿ 'ಜ್' ಬರೋ ಕಡೆ ಇನ್ನೊಂದರಲ್ಲಿ 'ರ್' ಬರುತ್ತೆ. ಟರ್ಕಿಶ್‌ನಲ್ಲಿ ಎತ್ತಿಗೆ 'ಒಕುಜ್', ರಷ್ಯಾದ ವೋಲ್ಗಾ ತೀರದ ಚುವಾಶ್ ಭಾಷೆಯಲ್ಲಿ 'ವಕರ್'. ಈ 'ರ್' ಕವಲಿನಲ್ಲಿ ಇವತ್ತು ಉಳಿದಿರೋದು ಚುವಾಶ್ ಒಂದೇ. ಪ್ರಾಚೀನ ಬಲ್ಗಾರರ ಭಾಷೆಯೂ ಇದೇ ಕವಲು.

ಹೂಣರೂ ಇದೇ 'ರ್' ಕವಲಿನವರು ಅಂತ ಬಹಳ ಜನ ಹೇಳ್ತಾರೆ. ಆದ್ರೆ ಡೆಂಗಿಜಿಕ್ ಹೆಸರಲ್ಲಿ ಇರೋದು 'ಜ್'! ಸಮುದ್ರಕ್ಕೆ 'ರ್' ಕವಲಿನ ರೂಪ ಹೇಗಿತ್ತು ಅಂತ ಹಂಗೇರಿಯನ್ ಭಾಷೆ ನಮಗೆ ತೋರಿಸುತ್ತೆ. ಅದು ಹಿಂದೆ ಅಲ್ಲಿಂದ ಎರವಲು ಪಡೆದ ಪದ 'ತೆಂಗೆರ್'. ಅಂದ್ರೆ ತುರ್ಕಿಕ್ ವಾದಕ್ಕೆ ಅತಿ ಒಳ್ಳೆ ಸಾಕ್ಷಿ ಆಗಿರೋ ಹೆಸರೇ, ಅದೇ ವಾದದ ಜನಪ್ರಿಯ ಆವೃತ್ತಿಗೆ ಹೊಂದಲ್ಲ.

ಇದರ ಜೊತೆಗೆ ಈ ಹೆಸರುಗಳು ನಮ್ಮ ಕೈಗೆ ಬಂದ ದಾರಿ ನೆನಪಿಡಿ. ಹೂಣರ ಬಾಯಿಂದ ಗೋಥರ ಬಾಯಿಗೆ, ಅಲ್ಲಿಂದ ಗ್ರೀಕ್, ಲ್ಯಾಟಿನ್ ಬರಹಕ್ಕೆ, ಆಮೇಲೆ ಶತಮಾನಗಳ ಕಾಲ ಕೈಬರಹದ ನಕಲುಗಳಿಗೆ. ಮಡಿಕೇರಿ ಇಂಗ್ಲಿಷರ ಬಾಯಲ್ಲಿ 'ಮರ್ಕಾರಾ' ಆಯ್ತು. 'ಮರ್ಕಾರಾ' ಒಂದನ್ನೇ ಇಟ್ಕೊಂಡು ಕನ್ನಡ ವ್ಯಾಕರಣ ಬರೀರಿ ಅಂದ್ರೆ ಹೇಗಿರುತ್ತೆ?

ಈಗ ಒಂದು ಪರೀಕ್ಷೆ ಮಾಡೋಣ. ಅಟ್ಟಿಲನ ಕಾಲದ್ದೇ ಅನ್ನಬಹುದಾದ ಒಂದು ದಾಖಲೆ ನಮ್ಮ ಹಾಸನ ಜಿಲ್ಲೆಯಲ್ಲಿ ಸಿಕ್ಕಿದೆ. ಹಲ್ಮಿಡಿ ಶಾಸನ. ಅದನ್ನ ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿಗೆ ಇಡ್ತಾರೆ. ಪ್ರಿಸ್ಕಸ್ ಔತಣದಲ್ಲಿ ಕೂತಿದ್ದ ಹೊತ್ತಿಗೆ ಹೆಚ್ಚುಕಮ್ಮಿ ಇಲ್ಲಿ ಯಾರೋ ಕಲ್ಲಿನ ಮೇಲೆ ಕನ್ನಡ ಕೆತ್ತಿದ್ರು. ಆ ಶಾಸನದಲ್ಲಿ ಮೃಗೇಶ, ನಾಗ, ಪಶುಪತಿ ಅನ್ನೋ ಹೆಸರುಗಳಿವೆ.

ಈಗ ಕಲ್ಲು ಒಡೆದುಹೋಗಿ, ಬರೀ ಈ ಮೂರು ಹೆಸರು ಯಾವುದೋ ಗ್ರೀಕ್ ಪುಸ್ತಕದಲ್ಲಿ ಉಳಿದಿತ್ತು ಅಂತ ಅಂದ್ಕೊಳ್ಳಿ. 1,500 ವರ್ಷ ಆದ್ಮೇಲೆ ಒಬ್ಬ ವಿದ್ವಾಂಸ ಅದನ್ನ ನೋಡಿ ಏನು ಹೇಳ್ತಾನೆ? ಮೂರೂ ಸಂಸ್ಕೃತ, ಆದ್ದರಿಂದ ಹಾಸನದ ಕಡೆ ಜನ ಸಂಸ್ಕೃತ ಮಾತಾಡ್ತಿದ್ರು ಅಂತಾನೆ. ತರ್ಕ ಪಕ್ಕಾ, ತೀರ್ಮಾನ ತಪ್ಪು. ಹಾಗಾಗಲಿಲ್ಲ, ಯಾಕಂದ್ರೆ ಆ ಹೆಸರುಗಳ ಸುತ್ತ ಕನ್ನಡದ ಪ್ರತ್ಯಯಗಳು, ಕನ್ನಡದ ಕ್ರಿಯಾಪದಗಳು ಕಲ್ಲಿನ ಮೇಲೆ ಉಳಿದಿವೆ. ಒಂದು ಭಾಷೆಯ ಗುರುತು ಇರೋದು ಆ ಪ್ರತ್ಯಯಗಳಲ್ಲಿ, ಕ್ರಿಯಾಪದಗಳಲ್ಲಿ. ಹೆಸರು ಅನ್ನೋದು ಧರ್ಮದ ಜೊತೆ, ಅಧಿಕಾರದ ಜೊತೆ, ಮದುವೆ ಸಂಬಂಧದ ಜೊತೆ, ಕೆಲವೊಮ್ಮೆ ಬರೀ ಫ್ಯಾಷನ್ ಜೊತೆ ಊರೂರು ಸುತ್ತುತ್ತೆ.

ಹೂಣರ ವಿಷಯದಲ್ಲಿ ನಮ್ಮ ಬಳಿ ಇರೋದು ಆ ಮೃಗೇಶ, ನಾಗ, ಪಶುಪತಿ ಮಾತ್ರ. ಹಲ್ಮಿಡಿ ಕಲ್ಲಿಲ್ಲ.

ಹಾಗಾದ್ರೆ ಬೇರೆ ದಾರಿ ಇಲ್ವಾ? ಇದೆ, ಪೂರ್ವಕ್ಕೆ ಹೋಗೋದು. ಯುರೋಪಿನ ಹೂಣರು ಮತ್ತು ಚೀನಾದ ಉತ್ತರಕ್ಕಿದ್ದ ಶಿಯೋಂಗ್ನು ಜನ ಒಬ್ಬರೇ ಅಂತ 1750ರ ದಶಕದಲ್ಲಿ ಫ್ರಾನ್ಸ್‌ನ ಜೋಸೆಫ್ ದ ಗೀನ್ಯ್ ಹೇಳಿದ್ರು. ಶಿಯೋಂಗ್ನು ಅಂದ್ರೆ ಕ್ರಿಸ್ತಪೂರ್ವ ಕಾಲದಲ್ಲೇ ಹಾನ್ ಚಕ್ರವರ್ತಿಗಳನ್ನ ಕಾಡಿದ ಕುದುರೆ ಸವಾರರ ಸಾಮ್ರಾಜ್ಯ. ಈ ವಾದಕ್ಕೆ 20ನೇ ಶತಮಾನದಲ್ಲಿ ಒಂದು ಗಟ್ಟಿ ಆಧಾರ ಸಿಕ್ತು. ಆರೆಲ್ ಸ್ಟೈನ್ 1907ರಲ್ಲಿ ಡುನ್‌ಹುವಾಂಗ್ ಹತ್ತಿರ ಪತ್ತೆ ಮಾಡಿದ ಸೋಗ್ದಿಯನ್ ವ್ಯಾಪಾರಿಗಳ ಹಳೇ ಪತ್ರಗಳಲ್ಲಿ, 311ರಲ್ಲಿ ಚೀನಾದ ಲುವೋಯಾಂಗ್ ನಗರವನ್ನ ಹಾಳುಮಾಡಿದ ಶಿಯೋಂಗ್ನು ಜನರನ್ನ 'ಹುನ್' ಅಂತಲೇ ಕರೆದಿದ್ದಾರೆ. ಹೆಸರು ಒಂದೇ ಇರಬಹುದು. ಭಾಷೆ?

ಶಿಯೋಂಗ್ನು ಗುಂಪಿಗೆ ಸೇರಿದವರು ಅಂತ ಹೇಳೋ ಜ್ಯೇ ಅನ್ನೋ ಜನರ ಒಂದು ಮಾತು ಚೀನೀ ಗ್ರಂಥದಲ್ಲಿ ಉಳಿದಿದೆ. 4ನೇ ಶತಮಾನದ ಒಂದು ಯುದ್ಧಕ್ಕೆ ಮೊದಲು ಬೌದ್ಧ ಭಿಕ್ಷು ಫೋಟುಡೆಂಗ್ ಹೇಳಿದ ಭವಿಷ್ಯವಾಣಿ ಅದು. ಒಟ್ಟು 10 ಚೀನೀ ಅಕ್ಷರ, ಜೊತೆಗೆ ಚೀನೀ ಅನುವಾದ. 1922ರಲ್ಲಿ ಫಿನ್ಲೆಂಡ್‌ನ ರಾಮ್‌ಸ್ಟೆಟ್ ಅದನ್ನ ತುರ್ಕಿಕ್ ಅಂತ ಓದಿದ್ರು. 2000ದಲ್ಲಿ ಅಲೆಕ್ಸಾಂಡರ್ ವೋವಿನ್ ಅದೇ 10 ಅಕ್ಷರವನ್ನ ಯೆನಿಸೇಯನ್ ಅಂತ ಓದಿದ್ರು. ಯೆನಿಸೇಯನ್ ಅನ್ನೋದು ಸೈಬೀರಿಯಾದ ಯೆನಿಸೇ ನದಿ ಕಡೆಯ ಪುಟ್ಟ ಕುಟುಂಬ. ಅದರಲ್ಲಿ ಇವತ್ತು ಜೀವಂತ ಇರೋದು ಕೆಟ್ ಅನ್ನೋ ಒಂದೇ ಭಾಷೆ, ಅದನ್ನ ಮಾತಾಡೋರೂ ಬಹಳ ಕಡಿಮೆ.

2025ರಲ್ಲಿ ಸ್ವೆನ್ಯಾ ಬೊನ್‌ಮನ್ ಮತ್ತು ಸೈಮನ್ ಫ್ರೀಸ್ ಈ ವಾದವನ್ನ ಇನ್ನೂ ಮುಂದಕ್ಕೆ ತಗೊಂಡು ಹೋದ್ರು. ಎರವಲು ಪದ, ಊರು-ನದಿಗಳ ಹೆಸರು, ಆ ಭವಿಷ್ಯವಾಣಿ, ರಾಜರ ಹೆಸರು ಎಲ್ಲ ಸೇರಿಸಿ, ಶಿಯೋಂಗ್ನು ಮತ್ತು ಹೂಣರು ಇಬ್ಬರೂ ಯೆನಿಸೇಯನ್ ಕುಟುಂಬದ 'ಆರಿನ್' ಭಾಷೆಯ ಹಳೇ ರೂಪ ಮಾತಾಡ್ತಿದ್ರು ಅಂತ ಪ್ರತಿಪಾದಿಸಿದ್ರು. ಅವರ ಪ್ರಕಾರ ಅಟ್ಟಿಲ ಅಂದ್ರೆ 'ಚುರುಕಿನವನು' ಅನ್ನೋ ಥರದ ಅರ್ಥ. ಗಮನಿಸಿ, ಅಪ್ಪಯ್ಯ, ಸಾಗರದೊಡೆಯ, ಚುರುಕಿನವನು. ಒಂದೇ ಹೆಸರು, ಮೂರು ಭಾಷಾ ಕುಟುಂಬ, ಮೂರು ಅರ್ಥ! ಹೆಸರಿನಿಂದ ಭಾಷೆ ಹುಡುಕೋದು ಎಷ್ಟು ಜಾರುವ ದಾರಿ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಡಿಎನ್‌ಎ ಏನು ಹೇಳುತ್ತೆ ಅಂತ ನೀವು ಕೇಳಬಹುದು. ಅದೇ 2025ರಲ್ಲಿ ಮಂಗೋಲಿಯಾದಿಂದ ಹಂಗೇರಿ ಬಯಲಿನವರೆಗಿನ 370 ಪ್ರಾಚೀನ ಅಸ್ಥಿಗಳ ಜೀನೋಮ್ ಅಧ್ಯಯನ ಬಂತು. ಹೂಣರ ಕಾಲದ ಕೆಲವರಿಗೆ ಶಿಯೋಂಗ್ನು ಕಾಲದ ಗಣ್ಯರ ಜೊತೆ ನೇರ ರಕ್ತಸಂಬಂಧದ ಎಳೆ ಇದೆ ಅಂತ ಗೊತ್ತಾಯ್ತು. ಆದ್ರೆ ಪೂರ್ವದಿಂದ ದೊಡ್ಡ ಸಮುದಾಯವೇ ವಲಸೆ ಬಂದು ನೆಲೆಸಿದ ಗುರುತು ಸಿಗಲಿಲ್ಲ. ಉಳಿದವರ ಮೂಲ ತರಾವರಿ. ಇದು ಪ್ರಿಸ್ಕಸ್ ಕಂಡ ಆಸ್ಥಾನದ ಚಿತ್ರಕ್ಕೆ ಸರಿಯಾಗಿ ಹೊಂದುತ್ತೆ. ಆದ್ರೆ ಒಂದು ಮಾತು, ಮೂಳೆ ಮಾತಾಡಲ್ಲ. ಅಜ್ಜಿ ಯಾರು ಅಂತ ಡಿಎನ್‌ಎ ಹೇಳುತ್ತೆ, ಅಜ್ಜಿ ಯಾವ ಭಾಷೆಯಲ್ಲಿ ಜೋಗುಳ ಹಾಡ್ತಿದ್ದಳು ಅಂತ ಹೇಳಲ್ಲ.

ನಮ್ಮ ಸ್ಕೂಲ್ ಪುಸ್ತಕದ ಹೂಣರನ್ನೂ ಮರೆಯೋದು ಬೇಡ. ಗುಪ್ತರ ಕಾಲದಲ್ಲಿ ಭಾರತಕ್ಕೆ ಬಂದ ತೋರಮಾಣ, ಮಿಹಿರಕುಲ. ಮಧ್ಯಪ್ರದೇಶದ ಏರಣ್‌ನಲ್ಲಿ ದೊಡ್ಡ ವರಾಹ ಮೂರ್ತಿಯ ಮೇಲೆ ತೋರಮಾಣನ ಕಾಲದ ಶಾಸನ ಇದೆ, ಅದು ಸಂಸ್ಕೃತದಲ್ಲಿದೆ. ಈ ಹೂಣರ ನಾಣ್ಯಗಳ ಮೇಲೆ ಇರಾನಿ ಕುಟುಂಬದ ಬ್ಯಾಕ್ಟ್ರಿಯನ್ ಭಾಷೆಯೂ ಕಾಣುತ್ತೆ. ಇವರೂ ಅಟ್ಟಿಲನ ಜನರೂ ಒಂದೇನಾ ಅನ್ನೋದು ಇನ್ನೊಂದು ಜಗಳ. ನಮಗೆ ಬೇಕಾದ ಪಾಠ ಇಷ್ಟು: ಅಧಿಕಾರಕ್ಕೆ ಬಂದವರು ಆಯಾ ನೆಲದಲ್ಲಿ ಕೆಲಸಕ್ಕೆ ಬರೋ ಭಾಷೆಯನ್ನೇ ಬಳಸ್ತಾರೆ. ಅಲ್ಲಿ ಲ್ಯಾಟಿನ್, ಇಲ್ಲಿ ಸಂಸ್ಕೃತ.

ಇಷ್ಟೆಲ್ಲ ಅನುಮಾನ ಇರುವಾಗ ಇಷ್ಟು ಗಟ್ಟಿ ದನಿಯಲ್ಲಿ ಜಗಳ ಯಾಕೆ? ಯಾಕಂದ್ರೆ ಇದು ಭಾಷಾಶಾಸ್ತ್ರದ ಕೊಠಡಿಯಲ್ಲಿ ಮಾತ್ರ ನಡೀತಿಲ್ಲ. ಟರ್ಕಿಯ ಭೂಸೇನೆ ತನ್ನ ಸ್ಥಾಪನೆಯ ವರ್ಷವನ್ನ ಕ್ರಿ.ಪೂ. 209 ಅಂತ ಎಣಿಸುತ್ತೆ, ಅದು ಶಿಯೋಂಗ್ನು ದೊರೆ ಮೋಡು ಪಟ್ಟಕ್ಕೆ ಬಂದ ವರ್ಷ. ಅಲ್ಲಿನ ಅಧ್ಯಕ್ಷರ ಲಾಂಛನದಲ್ಲಿ 16 ನಕ್ಷತ್ರ. ಅವು ಇತಿಹಾಸದ 16 ತುರ್ಕ್ ಸಾಮ್ರಾಜ್ಯಗಳು ಅಂತ ವಿವರಣೆ ಕೊಡ್ತಾರೆ, ಅದರಲ್ಲಿ ಅಟ್ಟಿಲನ ಸಾಮ್ರಾಜ್ಯವೂ ಒಂದು. ಹಂಗೇರಿಯಲ್ಲಿ 13ನೇ ಶತಮಾನದ ಶಿಮೋನ್ ಕೇಜಾಯಿ ಹೂಣರೇ ಹಂಗೇರಿಯನ್ನರ ಪೂರ್ವಜರು ಅಂತ ಬರೆದ. ಆದ್ರೆ ಹಂಗೇರಿಯನ್ ಭಾಷೆ ತುರ್ಕಿಕ್ ಅಲ್ಲ, ಫಿನ್ನಿಶ್ ಇರೋ ಉರಾಲಿಕ್ ಕುಟುಂಬದ್ದು. ಎರಡೂ ದೇಶಗಳಲ್ಲಿ ಗಂಡುಮಕ್ಕಳಿಗೆ ಅಟ್ಟಿಲ ಅನ್ನೋ ಹೆಸರು ಇಡ್ತಾರೆ.

ಆ ಹೆಸರಿಟ್ಟುಕೊಂಡ ಒಬ್ಬ ಹುಡುಗನ ಕಥೆ ಹೇಳ್ತೀನಿ. 1905ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಅಟ್ಟಿಲ ಯೋಜೆಫ್, ಆಮೇಲೆ ಹಂಗೇರಿಯ ದೊಡ್ಡ ಕವಿ. ಬಡತನದಿಂದ ಅವನನ್ನ ಹಳ್ಳಿಯ ಸಾಕುಮನೆಯಲ್ಲಿ ಬಿಟ್ಟಿದ್ರು. ಅಟ್ಟಿಲ ಅನ್ನೋ ಹೆಸರೇ ಇಲ್ಲ ಅಂತ ಸಾಕಿದವರು ಅವನನ್ನ 'ಪಿಷ್ಟಾ' ಅಂತ ಕರೆದ್ರು. ಮೂರನೇ ಕ್ಲಾಸಿನ ಪಠ್ಯದಲ್ಲಿ ಅಟ್ಟಿಲ ರಾಜನ ಕಥೆ ಸಿಕ್ಕಾಗ ಹುಡುಗನಿಗೆ ಜೀವ ಬಂದ ಹಾಗಾಯ್ತು, ಅಂದ್ರೆ ತಾನೂ ಇದ್ದೀನಿ ಅಂತ. ಈ ಘಟನೆ ತನ್ನ ಬದುಕನ್ನೇ ತಿರುಗಿಸಿತು ಅನ್ನೋ ಅರ್ಥದಲ್ಲಿ ಅವನು ಬರೆದುಕೊಂಡಿದ್ದಾನೆ.

ಹೆಸರು ಮನುಷ್ಯರಿಗೆ ಎಷ್ಟು ಮುಖ್ಯ ಅನ್ನೋದು ಇಲ್ಲಿ ಗೊತ್ತಾಗುತ್ತೆ. ಅದನ್ನ ಅಪಹಾಸ್ಯ ಮಾಡೋದು ತಪ್ಪು. ಆದ್ರೆ ಆ ಹುಡುಗ ಮಾತಾಡಿದ್ದು, ಬರೆದದ್ದು ಹಂಗೇರಿಯನ್. ಹೆಸರಿಗೂ ಭಾಷೆಗೂ ನಡುವೆ ಇರೋ ಅಂತರ ಅವನ ಬದುಕಲ್ಲೇ ಇದೆ. ಹೆಸರಿನ ಮೇಲೆ ಪ್ರೀತಿ ಇಟ್ಟುಕೊಳ್ಳೋದು ಒಂದು. ಆ ಹೆಸರನ್ನ ಹಿಡಿದು, 1,500 ವರ್ಷದ ಹಿಂದಿನ ಜನ ನಮ್ಮ ಭಾಷೆಯವರೇ ಅಂತ ಪಟ್ಟಾ ಬರೆಸಿಕೊಳ್ಳೋದು ಇನ್ನೊಂದು.

ಹಾಗಾದ್ರೆ ಕೊನೆಗೆ ಏನು ಹೇಳಬಹುದು? ಅಟ್ಟಿಲನ ಮನೆತನದ ಕೆಲವು ಹೆಸರುಗಳಿಗೆ ತುರ್ಕಿಕ್ ವಿವರಣೆ ಚೆನ್ನಾಗಿ ಹೊಂದುತ್ತೆ, ಹಾಗಾಗಿ ತುರ್ಕಿಕ್ ಮಾತಾಡೋರು ಆ ಗುಂಪಿನಲ್ಲಿ, ಬಹುಶಃ ಅಧಿಕಾರದ ಹತ್ತಿರವೇ, ಇದ್ದರು ಅನ್ನೋದು ನಂಬಬಹುದಾದ ಮಾತು. ಯೆನಿಸೇಯನ್ ವಾದ ಗಂಭೀರವಾಗಿ ಪರಿಶೀಲಿಸಬೇಕಾದದ್ದು. ಗೋಥಿಕ್ ಆಸ್ಥಾನದ ತುಂಬ ಓಡಾಡ್ತಿತ್ತು. ಇದರಾಚೆಗೆ, ಹೂಣರು ಅಂದ್ರೆ ತುರ್ಕರೇ ಅಂತಲೋ, ಖಂಡಿತ ಅಲ್ಲ ಅಂತಲೋ ಯಾರಾದ್ರೂ ಒಂದು ನಿಮಿಷದ ರೀಲ್‌ನಲ್ಲಿ ಅಡ್ಡಗೋಡೆ ಇಲ್ಲದ ಹಾಗೆ ಹೇಳಿದ್ರೆ, ಒಂದೇ ಪ್ರಶ್ನೆ ಕೇಳಿ: ವಾಕ್ಯ ಎಲ್ಲಿದೆ?

ಆರಿನ್ ಭಾಷೆ 18ನೇ ಶತಮಾನದಲ್ಲಿ ಅಳಿದುಹೋಯ್ತು. ಅದರ ಬಗ್ಗೆ ಇವತ್ತು ಒಂದಿಷ್ಟು ಹೇಳೋಕೆ ಆಗ್ತಿರೋದು, ಸೈಬೀರಿಯಾಕ್ಕೆ ಹೋದ ಪ್ರವಾಸಿಗರು ಕೊನೆಯ ಮಾತುಗಾರರ ಹತ್ತಿರ ಕೂತು ಪದಪಟ್ಟಿ ಬರೆದುಕೊಂಡಿದ್ದರಿಂದ. ಅಟ್ಟಿಲನ ಆಸ್ಥಾನದಲ್ಲಿ ಪ್ರಿಸ್ಕಸ್ ಇನ್ನೊಂದು ಹತ್ತು ಸಾಲು ಬರೆದುಕೊಂಡಿದ್ದರೆ ನಮ್ಮ ಇವತ್ತಿನ ಕಂತು ಐದು ನಿಮಿಷಕ್ಕೆ ಮುಗೀತಿತ್ತು. ನಿಮ್ಮ ಮನೆಯಲ್ಲಿ, ನಿಮ್ಮ ಊರಲ್ಲಿ ಬರಹಕ್ಕೆ ಇಳಿಯದ ಮಾತು ಆಡೋ ಹಿರಿಯರು ಯಾರಾದ್ರೂ ಇದ್ದರೆ, ಕೈಯಲ್ಲಿರೋ ಫೋನ್‌ನಲ್ಲೇ ರೆಕಾರ್ಡ್ ಬಟನ್ ಇದೆ. ಹೆಸರುಗಳನ್ನಷ್ಟೇ ಕೇಳಬೇಡಿ, ಪೂರ್ತಿ ಕಥೆ ಹೇಳಿಸಿ.